ನಿಂತ ಕಾರಿಗೆ ಖರ್ಚೇನು ಅಂದವರಿಗೂ, ಅನ್ನದವರಿಗೂ

ಆತ್ಮೀಯರೇ,

ಬರುವ ಒಂದನೇ ತಾರೀಖಿನಿಂದ, ಈಗ ಹಳೇ ಕಾರುಗಳ ಮ್ಯೂಸಿಯಂ ಆಗಿರುವ ನಮ್ಮ ಶೋರೂಮಿನಲ್ಲಿ ಮೂರು ಬದಲಾವಣೆ ಆಗುತ್ತಿದೆ. ದೊಡ್ಡವರ ಟಿಕೆಟ್ 60 ರೂಪಾಯಿ ಇದ್ದದ್ದು 100 ಆಗುತ್ತದೆ. ಮಕ್ಕಳದ್ದು 20, ಅದನ್ನು ಮುಟ್ಟಿಲ್ಲ. ಪ್ರತಿ ಭಾನುವಾರ ಸಂಜೆ ಎಲ್ಲ ಕಾರುಗಳನ್ನೂ ಸ್ಟಾರ್ಟ್ ಮಾಡಿ ತೋರಿಸುತ್ತಿದ್ದದ್ದು ನಿಲ್ಲುತ್ತದೆ. ಒಳಗೆ ಕೂತು ಫೋಟೋ ತೆಗೆಸಿಕೊಳ್ಳುವುದು ಇನ್ನು ಜೀಪಿನಲ್ಲಿ ಮಾತ್ರ.

ಸುತ್ತಿ ಬಳಸಿ ಹೇಳಿದರೆ ನಿಮಗೂ ಬೇಜಾರು, ನಮಗೂ ಬೇಜಾರು. ಅದಕ್ಕೇ ಮೊದಲೇ ಹೇಳಿಬಿಟ್ಟೆವು. ಬೈಯುವವರು ಬೈಯಬಹುದು, ಆದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಶೋರೂಮು ಹೇಗೆ ಮ್ಯೂಸಿಯಂ ಆಯಿತು, ಅಪ್ಪ ಹಾಕಿಸಿದ ಬೋರ್ಡನ್ನು ನಾವು ಯಾಕೆ ಇಳಿಸಲಿಲ್ಲ, ಅದೆಲ್ಲ ನಿಮಗೆ ಗೊತ್ತಿರುವ ಕಥೆ. ಮತ್ತೆ ಶುರು ಮಾಡುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಒಂದೇ ಒಂದು ಮಾತಿಗೆ. ಕಳೆದ ಎರಡು ವರ್ಷದಲ್ಲಿ ಅದನ್ನು ಟಿಕೆಟ್ ಕೌಂಟರಿನಲ್ಲಿ ಕೇಳಿದ್ದೇವೆ, ಟೀ ಅಂಗಡಿಯಲ್ಲಿ ಕೇಳಿದ್ದೇವೆ, ಹೋದ ತಿಂಗಳು ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೂ ಕೇಳಿದ್ದೇವೆ.

"ಓಡದೇ ಇರೋ ಕಾರಿಗೆ ಖರ್ಚೇನು ಸ್ವಾಮಿ? ಡ್ರೈವರ್ ಬೇಡ, ಟೋಲ್ ಇಲ್ಲ. ಒಂದು ಬಟ್ಟೆ ತಗೊಂಡು ಒರೆಸಿದ್ರೆ ಮುಗೀತು."

ಕಟ್ಟಿಹಾಕಿದ ಎತ್ತಿಗೆ ಮೇವು ಬೇಡವೇ? ನಿಂತ ಕಾರು ಓಡುವ ಕಾರಿಗಿಂತ ಜಾಸ್ತಿ ತಿನ್ನುತ್ತದೆ. ಅದರಲ್ಲೂ ನಮ್ಮ ಚಿಕ್ಕಮಗಳೂರಿನ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುವುದು ನಿಮಗೆ ಹೇಳಿಕೊಡಬೇಕಾ? ಅಂಬಾಸಿಡರ್ ಸೀಟು ಅಂದರೆ ಸ್ಪ್ರಿಂಗಿನ ಮೇಲೆ ನಾರು, ನಾರಿನ ಮೇಲೆ ರೆಕ್ಸಿನ್. ನೀರು ಕುಡಿಯುವುದಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ. ನಾಲ್ಕು ತಿಂಗಳು ಒಳಗೆ ಹೀಟರ್, ಫ್ಯಾನ್ ಹಾಕಿ ಇಡುತ್ತೇವೆ. ಕರೆಂಟ್ ಬಿಲ್ಲು ಅಂಗಡಿ ರೇಟಿನಲ್ಲೇ ಬರುತ್ತದೆ, ಮ್ಯೂಸಿಯಂ ಅಂತ ಯಾರೂ ಬಿಟ್ಟುಕೊಡುವುದಿಲ್ಲ.

ಟೈರು ನೋಡಿ. ಒಂದೇ ಕಡೆ ಭಾರ ಬಿದ್ದು ತಳ ಚಪ್ಪಟೆ ಆಗುತ್ತದೆ. ಅದಕ್ಕೇ ಕಾರುಗಳನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿರುವುದು, ಶೋಕಿಗಲ್ಲ. ಅಂಬಾಸಿಡರ್‌ಗೆ ಬೇಕಾದ 5.90-15, ಫಿಯಟ್‌ಗೆ ಬೇಕಾದ 5.20-14 ಅಳತೆಯ ಟೈರು ಕೇಳಿಕೊಂಡು ಒಂದು ಸಲ ಊರಿನ ಟೈರ್ ಅಂಗಡಿಗೆ ಹೋಗಿಬನ್ನಿ. ಅವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಕ್ಯಾಲೆಂಡರ್ ನೋಡುತ್ತಾರೆ.

ಬ್ರೇಕಿನ ವಿಷಯ ಕೇಳಿದರೆ ನೀವೇ 100 ರೂಪಾಯಿ ಮೇಜಿನ ಮೇಲೆ ಇಟ್ಟು ಹೋಗುತ್ತೀರಿ. ಬ್ರೇಕ್ ಆಯಿಲ್‌ಗೆ ಗಾಳಿಯಲ್ಲಿರುವ ತೇವ ಹೀರುವ ಗುಣ ಇದೆ. ಓಡುವ ಕಾರಿನಲ್ಲಿ ಬ್ರೇಕಿನ ಪಿಸ್ಟನ್ ಅತ್ತಿಂದಿತ್ತ ಆಡುತ್ತಿರುವುದರಿಂದ ಅಂಟಿಕೊಳ್ಳುವುದಕ್ಕೆ ಪುರುಸೊತ್ತಿರುವುದಿಲ್ಲ. ನಿಂತ ಕಾರಿನಲ್ಲಿ ಆ ನೀರು ಒಳಗೇ ಕೂತು ತುಕ್ಕು ಹಿಡಿಸುತ್ತದೆ. ಹೋದ ವರ್ಷ ಪದ್ಮಿನಿ ಕಾರಿನ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿದೆವು. ಬಿಚ್ಚಿದೆವು ಅನ್ನುವುದು ಸುಳ್ಳು, ಒಂದೂವರೆ ದಿನ ಬಡಿದೆವು. ಒಳಗಿನ ವೀಲ್ ಸಿಲಿಂಡರ್ ಪೂರ್ತಿ ಹಿಡಿದುಕೊಂಡಿತ್ತು. ಕೊನೆಗೆ ಪಿಸ್ಟನ್ ಹೊರಬಂದಾಗ ಅದರ ಹಿಂದೆ ಕಂದು ಬಣ್ಣದ ಪುಡಿ ಸುರಿಯಿತು. ಮೇಸ್ತ್ರಿ ಅಂಗೈಯಲ್ಲಿ ಹಿಡಿದು ಮೂಸಿ ನೋಡಿ, "ಸುಮ್ನೆ ಡಿಕಾಕ್ಷನ್ ಹಾಕ್ಬೋದು ನೋಡಿ" ಅಂದರು. ಆ ಕಾರು ಆ ವರ್ಷ ಒಂದು ಕಿಲೋಮೀಟರೂ ಓಡಿರಲಿಲ್ಲ.

ಇನ್ನು ಪೆಟ್ರೋಲ್. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಇದರಲ್ಲಿ ನಮ್ಮದೇನೂ ತಪ್ಪಿಲ್ಲದೆ ನಾವು ಸಿಕ್ಕಿಹಾಕಿಕೊಂಡಿದ್ದೇವೆ. 2023ರಿಂದ ಬಂಕುಗಳಿಗೆ 20% ಎಥನಾಲ್, ಅಂದರೆ ಕಬ್ಬಿನಿಂದಲೂ ತೆಗೆಯುವ ಸ್ಪಿರಿಟ್, ಬೆರೆಸಿದ ಪೆಟ್ರೋಲ್ ಬರತೊಡಗಿತು. ಈಗ ಎಲ್ಲ ಕಡೆ ಅದೇ. ಕಬ್ಬು ಬೆಳೆಯುವವರಿಗೆ ಒಳ್ಳೆಯದಾದರೆ ಸಂತೋಷ, ನಮ್ಮ ತಕರಾರಿಲ್ಲ. ಆದರೆ 1960ರ, 70ರ ದಶಕದ ಕಾರಿನ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರ್‌ನ ವಾಷರ್ ಇವೆಲ್ಲ ಎಥನಾಲ್ ಮುಖ ನೋಡಿದ್ದಲ್ಲ. ಮೆತ್ತಗಾಗಿ, ಉಬ್ಬಿ, ಆಮೇಲೆ ಬಿರುಕು ಬಿಡುತ್ತವೆ. ಎಥನಾಲ್ ಕೂಡ ನೀರು ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರೂ ಎಥನಾಲೂ ಒಟ್ಟಿಗೆ ತಳಕ್ಕೆ ಇಳಿಯುತ್ತವೆ, ಟ್ಯಾಂಕು ಕೆಳಗಿನಿಂದ ತುಕ್ಕು ಹಿಡಿಯುತ್ತದೆ. ಆರು ಕಾರಿನ ಪೈಪು, ವಾಷರ್ ಎಲ್ಲ ಕಿತ್ತು ಹೊಸ ಜಾತಿಯ ರಬ್ಬರ್ ಹಾಕಿಸಿದ್ದೇವೆ. ಇನ್ನೂ ಮೂರು ಬಾಕಿ ಇದೆ. ಪ್ರದರ್ಶನ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡುತ್ತೇವೆ. ಹಾಗಾಗಿ ನಮ್ಮ ಹುಡುಗ ಪ್ರತಿ ಸಲ ಕ್ಯಾನು ಹಿಡಿದು ಬಂಕಿಗೆ ಹೋಗುವುದು ನೋಡಿ ಜನ ತಮಾಷೆ ಮಾಡುತ್ತಾರೆ. ಮಾಡಲಿ.

ಇಲಿ ವಿಷಯ ಬರೆಯಬಾರದು ಅಂತ ತಮ್ಮ ಹೇಳಿದ್ದ. ಬರೆಯುತ್ತೇನೆ. ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಏರ್ ಕ್ಲೀನರ್ ಡಬ್ಬ ತೆಗೆದರೆ ಒಳಗೆ ಒಂದು ಬೆಚ್ಚನೆಯ ಗೂಡು. ಪಕ್ಕದಲ್ಲಿ ನಿಂತಿದ್ದ ಅಂಬಾಸಿಡರ್‌ನ ಸೀಟಿನ ನಾರನ್ನೇ ಎಳೆದು ತಂದು ಕಟ್ಟಿದ್ದವು. ಒಂದೇ ಪೆಟ್ಟಿಗೆ ಎರಡು ಕಾರು ಹಾಳು. ಹೆರಾಲ್ಡ್‌ಗೆ ಬಿಡಿಭಾಗ ಹುಡುಕುವುದು ಹೇಗೆ ಅಂತ ಕೇಳಬೇಡಿ. ಅಂಬಾಸಿಡರ್ 2014ರವರೆಗೂ ತಯಾರಾಗುತ್ತಿತ್ತು, ಸ್ಪೇರ್ ಇನ್ನೂ ಸಿಗುತ್ತದೆ. ಪದ್ಮಿನಿಗೂ 2023ರವರೆಗೆ ಓಡುತ್ತಿದ್ದ ಮುಂಬೈ ಟ್ಯಾಕ್ಸಿಗಳ ದಯೆಯಿಂದ ಅಷ್ಟಿಷ್ಟು ಸಿಗುತ್ತದೆ. ಹೆರಾಲ್ಡ್ ಕಥೆ ನಮ್ಮ ದೇಶದಲ್ಲಿ 1970ರ ದಶಕದ ಶುರುವಿಗೇ ಮುಗಿಯಿತು. ಅದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುವುದನ್ನು ನೋಡಿ ಮಕ್ಕಳು ಬಾಯಿ ಬಿಡುತ್ತಾರಲ್ಲ, ಆ ಮೂತಿ ಸ್ವಲ್ಪ ಸೊಟ್ಟಗಾದರೂ ತಟ್ಟಿ ಸರಿ ಮಾಡುವ ಟಿಂಕರ್ ಈಗ ನಮಗೆ ಒಬ್ಬರೇ. ಅವರ ವಯಸ್ಸು 71.

ಈಗ ಕ್ಷಮೆ ಕೇಳುವ ಭಾಗ. ಭಾನುವಾರದ ಸ್ಟಾರ್ಟ್ ನಿಲ್ಲಿಸುತ್ತಿರುವುದಕ್ಕೆ ದುಡ್ಡು ಕಾರಣ ಅಲ್ಲ. ತಪ್ಪು ನಮ್ಮದು.

ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿದರೆ ಕಾರಿಗೆ ಒಳ್ಳೆಯದು ಅಂತ ನಾವು ನಂಬಿದ್ದೆವು, ನಿಮಗೂ ಹಾಗೇ ಹೇಳಿದ್ದೆವು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಹಬೆಯಾಗಿ ಹೊರಗೆ ಹೋಗುತ್ತದೆ. ಐದು ನಿಮಿಷದಲ್ಲಿ ಏನು ಬಿಸಿಯಾದೀತು? ನೀರು ಸೈಲೆನ್ಸರಿನಲ್ಲಿ ನಿಂತಿತು, ಎಂಜಿನ್ ಆಯಿಲ್‌ಗೂ ಇಳಿಯಿತು. ಒಂದು ದಿನ ಅಂಬಾಸಿಡರ್‌ನ ಆಯಿಲ್ ಮುಚ್ಚಳ ತೆಗೆದರೆ ಅದರ ಒಳಮೈಗೆ ನೊರೆನೊರೆಯಾಗಿ ಹಾಲು ಜಾಸ್ತಿಯಾದ ಕಾಫಿಯಂಥದ್ದು ಮೆತ್ತಿಕೊಂಡಿತ್ತು. ಕಾಫಿ ಊರಿನ ಕಾರು ಅಲ್ವಾ ಅಂತ ನಕ್ಕೆವು. ಎರಡನೇ ಕಾರಿನ ಮುಚ್ಚಳದಲ್ಲೂ ಅದೇ ಕಂಡಾಗ ನಗು ನಿಂತಿತು. ನಿಮ್ಮ ಚಪ್ಪಾಳೆಗೆ ನಾವು ಪ್ರತಿ ವಾರ ಅವಕ್ಕೆ ನೀರು ಕುಡಿಸುತ್ತಿದ್ದೆವು.

ಇನ್ನು ಮೇಲೆ ತಿಂಗಳ ಮೊದಲ ಭಾನುವಾರ ಮಾತ್ರ, ಬೆಳಗ್ಗೆ 7ಕ್ಕೆ, ಸರದಿಯ ಮೇಲೆ ಎರಡು ಕಾರು. ಸುಮ್ಮನೆ ಗುರುಗುಟ್ಟಿಸಿ ನಿಲ್ಲಿಸುವುದಿಲ್ಲ. ಕಡೂರು ರಸ್ತೆಯಲ್ಲಿ ಹದಿನೈದು ಕಿಲೋಮೀಟರ್ ಓಡಿಸಿ ವಾಪಸ್ ತರುತ್ತೇವೆ. ಗಿರಿ ಹತ್ತುವ ದಾರಿಯ ಕೈಮರದ ಕಡೆ ಹೋಗಿ ಬನ್ನಿ, ಗಿರಿ ಹಿನ್ನೆಲೆಯಲ್ಲಿ ಫೋಟೋ ಚೆನ್ನಾಗಿ ಬರುತ್ತೆ ಅಂತ ಸಲಹೆ ಕೊಟ್ಟವರಿದ್ದಾರೆ. ವಾರದ ಕೊನೆಯಲ್ಲಿ ಅಲ್ಲಿನ ಗಾಡಿಗಳ ಸಾಲಿನಲ್ಲಿ ನಿಂತರೆ ಹೊಸ ಕಾರಿನ ಕ್ಲಚ್ಚೇ ವಾಸನೆ ಬರುತ್ತದೆ, ಇವು ಪಾಪ ಏನು ಮಾಡಿಯಾವು.

ಒಳಗೆ ಕೂರುವುದು ಯಾಕೆ ಬೇಡ ಅನ್ನುವುದಕ್ಕೆ ಒಂದೇ ಘಟನೆ ಸಾಕು. ಫಿಯಟ್‌ನ ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲಿರುತ್ತದೆ. ಬೆಂಗಳೂರಿನಿಂದ ಬಂದಿದ್ದ ಹುಡುಗ ಅದನ್ನು ವೈಪರ್ ಸ್ವಿಚ್ ಅಂದುಕೊಂಡು ಎಳೆದ. ವೈಪರ್ ಓಡಲಿಲ್ಲ ಅಂತ ಇನ್ನೂ ಜೋರಾಗಿ ಎಳೆದ. ಅವನದೂ ತಪ್ಪಲ್ಲ, ಅವನು ಹುಟ್ಟಿದ್ದೇ ಈ ಕಾಲದಲ್ಲಿ. ಕಡ್ಡಿ ಈಗ ವೆಲ್ಡಿಂಗ್ ಮಾಡಿಸಿಕೊಂಡು ಕೂತಿದೆ. ಜೀಪಿಗೆ ಆ ಭಯ ಇಲ್ಲ. ನಲವತ್ತು ವರ್ಷ ತೋಟದಲ್ಲಿ ಗೊಬ್ಬರ, ಆಳು, ಕಾಫಿ ಮೂಟೆ ಹೊತ್ತದ್ದು, ನಿಮ್ಮ ಮಕ್ಕಳನ್ನು ಹೊರಲಾರದಾ? ಹಾರ್ನೂ ಒತ್ತಲಿ.

ಮದುವೆಗೆ ಅಂಬಾಸಿಡರ್ ಬಾಡಿಗೆ ಕೊಟ್ಟರೆ ಟಿಕೆಟ್ ಏರಿಸಬೇಕಾಗಿರಲಿಲ್ಲ ಅನ್ನುವವರಿಗೆ ಎರಡು ಮಾತು. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುತ್ತದೆ. ಹಾಗೆ ನೋಂದಾಯಿಸಿದ ನಮ್ಮ ಅಂಬಾಸಿಡರ್‌ನಂಥ ಗಾಡಿಯನ್ನು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ, ದಿನಾ ಓಡಿಸುವ ಹಾಗೂ ಇಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಅಕ್ಕನ ಮಗಳ ಮದುವೆಗೇ ಕೊಟ್ಟಿಲ್ಲ. ಅಕ್ಕ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಧರ್ಮಸ್ಥಳದ ಹಳೇ ಕಾರುಗಳ ಸಂಗ್ರಹ ನೋಡಿ ಚಾರ್ಮಾಡಿ ಘಾಟಿ ಹತ್ತಿ ಬಂದವರು, ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಕಾರ್ ಮ್ಯೂಸಿಯಂ ನೋಡಿದವರು ನಮ್ಮಲ್ಲಿಗೆ ಬಂದು "ಇಷ್ಟೇನಾ?" ಅನ್ನುತ್ತಾರೆ. ಹೌದು, ಒಂಬತ್ತು ಕಾರು, ಒಂದು ಜೀಪು, ಅಪ್ಪನ ಬುಕಿಂಗ್ ರಿಜಿಸ್ಟರ್. ಅವು ದೊಡ್ಡ ಸಂಗ್ರಹ, ನೋಡಲೇಬೇಕು, ನಾವೂ ಮೂರು ಸಲ ಹೋಗಿದ್ದೇವೆ. ಆದರೆ ಆ ರಿಜಿಸ್ಟರಿನಲ್ಲಿ ಬೆರಳಿಟ್ಟು "ಇದು ನಮ್ಮ ತಾತನ ಸಹಿ, ಕಾರಿಗೆ ಆರು ವರ್ಷ ಕಾದಿದ್ರಂತೆ" ಅನ್ನುವ ಮೊಮ್ಮಗ ನಮ್ಮಲ್ಲಿಗೇ ಬರಬೇಕು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಆ ಕಾಯುವ ಪಟ್ಟಿಗಳ ಕಾಲವನ್ನು ಮೆಲ್ಲಗೆ ಮುಗಿಸಿತು. ಅದರ ಮುಂದೆ ನಿಂತು "ಇದೂ ಮ್ಯೂಸಿಯಂ ಸೇರ್‍ತಾ!" ಅಂತ ಬೇಜಾರು ಮಾಡಿಕೊಳ್ಳುವವರಿಗೆ ಒಂದು ಕುರ್ಚಿ ಹಾಕಿಟ್ಟಿದ್ದೇವೆ.

ಗುಜರಿಯವರು ತಿಂಗಳಿಗೊಮ್ಮೆ ಬಂದು ತೂಕದ ರೇಟು ಹೇಳಿ ಹೋಗುತ್ತಾರೆ. ಊರಲ್ಲಿ ಸುದ್ದಿ ಹಬ್ಬಿರುವುದು ನಮಗೂ ಗೊತ್ತು. ಒಂದು ಕಾರನ್ನೂ ಮಾರುವುದಿಲ್ಲ. ಜಾಗವನ್ನೂ ಕೊಡುವುದಿಲ್ಲ. ತಮ್ಮನೂ ಓದಿ ಒಪ್ಪಿದ್ದಾನೆ, ಇಲಿಯ ಪ್ಯಾರಾ ಬಿಟ್ಟು.

ತಮ್ಮ ಮನೆಯ ಕಾರನ್ನು ನಮ್ಮ ಕೈಗೆ ಒಪ್ಪಿಸಿದ ಕುಟುಂಬಗಳಿಗೆ ಟಿಕೆಟ್ ಯಾವತ್ತೂ ಇಲ್ಲ, ಬಾಗಿಲಲ್ಲಿ ಹೆಸರು ಹೇಳಿದರೆ ಸಾಕು. ಶಾಲೆ ಮಕ್ಕಳು ಮೇಷ್ಟ್ರ ಜೊತೆ ಬಂದರೆ ಮೊದಲಿನ ಹಾಗೇ ಫ್ರೀ. 100 ರೂಪಾಯಿ ನಿಜವಾಗಲೂ ಕಷ್ಟ ಅನಿಸಿದವರು ಕೌಂಟರಿನಲ್ಲಿ ಸುಮ್ನೆ ಹೇಳಿ, ಯಾಕೆ ಅಂತ ಯಾರೂ ಕೇಳುವುದಿಲ್ಲ.

ಮೊದಲ ಭಾನುವಾರ ಅಂಬಾಸಿಡರ್ ಮತ್ತು ಪದ್ಮಿನಿ ಹೊರಡುತ್ತವೆ. ಬರುವಾಗ ಛತ್ರಿ ತನ್ನಿ. ಮುಂದಿನ ಶೆಡ್ಡಿನ ಶೀಟು ಇನ್ನೂ ಹಾಕಿಸಿಲ್ಲ, ಆ ದುಡ್ಡು ಪದ್ಮಿನಿಯ ಬ್ರೇಕಿಗೆ ಹೋಯಿತು.

ಇಂತಿ ನಿಮ್ಮ,
ಶೋರೂಮಿನ ಅಣ್ಣ ತಮ್ಮ
ಚಿಕ್ಕಮಗಳೂರು