ಮಲೆನಾಡಿಗೆ ಯಾವಾಗ ಬರುತ್ತೀಯ? – ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಜುಲೈನಲ್ಲಿ ಎರಡು ದಿನ ರಜೆ ಹಾಕಿ ಬರುತ್ತೇನೆ, ಜೋಗ, ಆಗುಂಬೆ, ಮುಳ್ಳಯ್ಯನಗಿರಿ ಎಲ್ಲ ಒಂದೇ ಸುತ್ತಿಗೆ ನೋಡಿಬಿಡೋಣ ಅಂತ ಬರೆದಿದ್ದೀಯ. ಬಾ ಮಾರಾಯ, ಬೇಡ ಅನ್ನುತ್ತೇನಾ? ಆದರೆ ಜಾಗದ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡು. ಮಲೆನಾಡಿನಲ್ಲಿ ಮೊದಲು ಕಾಲ ಯಾವುದು ಅಂತ ನೋಡಬೇಕು. ಜಾಗ ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಜುಲೈ ಅಂದರೆ ಪುನರ್ವಸು, ಪುಷ್ಯ ಮಳೆಗಳ ತಿಂಗಳು. ಹಿಡಿದ ಮಳೆ ಬಿಡುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದಲ್ಲ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಆಗ ಅಲ್ಲಿನ ಸೂರ್ಯಾಸ್ತದ ಕಟ್ಟೆಗೆ ಹೋದರೆ ಎದುರಿಗೆ ಬಿಳಿ ಮಂಜು ಬಿಟ್ಟು ಏನೂ ಇರುವುದಿಲ್ಲ. ಮುಳ್ಳಯ್ಯನಗಿರಿಯೂ ಅಷ್ಟೇ. ಸುಮಾರು 1,930 ಮೀಟರ್ ಎತ್ತರ, ರಾಜ್ಯದಲ್ಲೇ ದೊಡ್ಡದು. ಆ ತಿಂಗಳಲ್ಲಿ ಮೇಲೆ ಗಾಳಿಗೆ ನಿಲ್ಲಲು ಆಗುವುದಿಲ್ಲ. ಜೋಗದ ಲೆಕ್ಕ ಬೇರೆ. 253 ಮೀಟರ್ ಬೀಳುವ ಆ ನೀರಿಗೆ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಅಡ್ಡ ಇದೆ, 1964ರಿಂದ. ಅಣೆಕಟ್ಟು ತುಂಬಿ ಗೇಟು ತೆಗೆದರೆ ಮಾತ್ರ ಜೋಗದ ನಿಜವಾದ ಅಬ್ಬರ. ಮಳೆ ಚೆನ್ನಾಗಿ ಆದ ವರ್ಷ ಅದು ಹೆಚ್ಚಾಗಿ ಆಗಸ್ಟ್ ಹೊತ್ತಿಗೆ. ಗೇಟು ತೆಗೆದ ಸುದ್ದಿ ಬಂದ ದಿನ ಹೊರಡು, ಅದೇ ಸರಿ.

ಜುಲೈಗೇ ಬರುವುದಾದರೆ ಬೆಟ್ಟ ಹತ್ತುವ ಯೋಚನೆ ಬಿಟ್ಟು ಗದ್ದೆಗೆ ಇಳಿಯೋಣ. ನಾಟಿ ನಡೆಯುವ ಹೊತ್ತು. ಕೊಡಗಿನ ಕಡೆ ಕೆಸರುಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ ಎಲ್ಲ ಇರುತ್ತದೆ. ನೋಡುವವರೂ ಕೆಸರಲ್ಲೇ ಇರುತ್ತಾರೆ. ಉಂಬಳದ, ಅಂದರೆ ಜಿಗಣೆಯ ಬಗ್ಗೆ ಹೆದರಬೇಡ. ಅದು ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಅದಕ್ಕೇ ಅಷ್ಟು ಹರಿಯುವುದು. ತೊಳೆದು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಿಲ್ಲುತ್ತದೆ.

ಹೆದರಬೇಕಾದ್ದು ನೀರಿಗೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ನೀನು ನಿಂತ ಕಡೆ ಬಿಸಿಲು ಬಿದ್ದಿರಬಹುದು, ಮೇಲಿನ ಗುಡ್ಡದಲ್ಲಿ ಮಳೆ ಜಡಿಯುತ್ತಿರಬಹುದು. ತಿಳಿಯಾಗಿದ್ದ ಹಳ್ಳ ಇದ್ದಕ್ಕಿದ್ದಂತೆ ಕೆಂಪಾಯಿತು, ಎಲೆ, ಕಡ್ಡಿ ತೇಲಿ ಬರತೊಡಗಿದವು ಅಂದರೆ ತಕ್ಷಣ ದಡ ಹತ್ತಬೇಕು. ಚಪ್ಪಲಿ ಹೋದರೆ ಹೋಗಲಿ. ಪ್ರತಿ ಮಳೆಗಾಲದಲ್ಲೂ ಜಲಪಾತದ ಪಾಚಿ ಬಂಡೆ ಮೇಲೆ ಫೋಟೋಗೆ ನಿಂತವರ ಸುದ್ದಿ ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೇಲಿ ಹಾಕಿದ್ದರೆ ಬೇಲಿಯ ಈಚೆ ನಿಲ್ಲು.

ನನ್ನ ಮನಸ್ಸಿನ ಮಾತು ಕೇಳುತ್ತೀಯಾ? ಮಳೆ ಹಿಡಿಯುವ ಮುಂಚೆ ಬಾ. ಮೇ ಕೊನೆಯಿಂದ ಮೃಗಶಿರ ಮಳೆ ಶುರುವಾಗುವವರೆಗಿನ ದಿನಗಳಿಗೆ ಸಮ ಯಾವುದೂ ಇಲ್ಲ. ಒಂದೆರಡು ಗುಡುಗು ಮಳೆ ಆಗಿ ನೆಲ ಒದ್ದೆಯಾದ ಮೇಲೆ ರಾತ್ರಿ ತೋಟದ ಅಂಚಿಗೆ ಹೋಗಿ ನಿಂತರೆ ಸಾಕು, ಮರ ತುಂಬ ಮಿಂಚುಹುಳ. ಒಂದು ಮರದ್ದು ಆರಿ ಹೊತ್ತಿಕೊಂಡರೆ ಪಕ್ಕದ ಮರದ್ದೂ ಅದೇ ತಾಳಕ್ಕೆ ಸೇರುತ್ತದೆ. ಗಂಡು ಹುಳ ಹೆಣ್ಣನ್ನು ಕರೆಯುವ ರೀತಿ ಅದು. ನಾವು ಟಾರ್ಚ್ ಬಿಟ್ಟರೆ, ಕಾರಿನ ಲೈಟ್ ಉರಿಸಿದರೆ ಆ ಕರೆ ಕೆಡುತ್ತದೆ. ಮೊಬೈಲ್ ಒಳಗಿಟ್ಟು ಕತ್ತಲೆಗೆ ಕಣ್ಣು ಹೊಂದುವವರೆಗೆ ಕಾಯಬೇಕು.

ಮೊದಲ ದೊಡ್ಡ ಮಳೆಗೆ ಹತ್ತುಮೀನು ಏರುತ್ತದೆ. ಹೊಳೆಯ ಮೀನು ಹಳ್ಳ ಹತ್ತಿ, ತೋಡು ಹತ್ತಿ, ನೀರು ನಿಂತ ಗದ್ದೆಗೆ ಮೊಟ್ಟೆ ಇಡಲು ಬರುವ ಹೊತ್ತು. ಊರಿನ ಹುಡುಗರು ಬ್ಯಾಟರಿ, ಮೀನು ಹಿಡಿಯುವ ಕೂಳಿ ಹಿಡಿದು ರಾತ್ರಿಯೆಲ್ಲ ಗದ್ದೆಯಲ್ಲೇ. ಆ ಗಲಾಟೆ, ಆ ಖುಷಿ ನನಗೂ ಇಷ್ಟ. ಆದರೆ ಹೊಟ್ಟೆ ತುಂಬ ಮೊಟ್ಟೆ ಇರುವ ಮೀನನ್ನೇ ಬುಟ್ಟಿಗಟ್ಟಲೆ ಬಾಚಿದರೆ ಮುಂದಿನ ವರ್ಷ ಹೊಳೆಗೆ ಮರಿ ಎಲ್ಲಿಂದ ಬರಬೇಕು? ಮನೆಗೆ ಒಂದು ಹೊತ್ತಿನ ಸಾರಿಗಾಗುವಷ್ಟು ಹಿಡಿದು ಉಳಿದದ್ದನ್ನು ಮೇಲಕ್ಕೆ ಬಿಡಬೇಕು ಅನ್ನುವುದು ನನ್ನ ವಾದ. ಬಂದರೆ ನೀನೂ ನನ್ನ ಜೊತೆ ನಿಂತು ಹೇಳು.

ನಡೆಯಲೇಬೇಕು ಅಂತಿದ್ದರೆ ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಆಕಾಶ ತಿಳಿ, ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಆಗುಂಬೆಯಿಂದ ಅರಬ್ಬೀ ಸಮುದ್ರಕ್ಕೆ ಸೂರ್ಯ ಇಳಿಯುವುದು ಕಾಣುವುದೂ ಆಗಲೇ. ಕುದುರೆಮುಖಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ, ಬೆಳಿಗ್ಗೆ ಬೇಗ ಹೊರಡಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಇಂಥ ಬೆಟ್ಟದ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ತಂದು ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದೆ. ಕೆಲವರು ಗೊಣಗುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುತ್ತದೆ. ಆ ಹುಲ್ಲುಗಾವಲು, ಅದರ ಮಡಿಲಿನ ಕಣಿವೆಯಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡು ಮಳೆ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವುದರಿಂದಲೇ ಬೇಸಿಗೆಯಲ್ಲೂ ಇಲ್ಲಿನ ಹಳ್ಳ ಹರಿಯುತ್ತದೆ. ತುಂಗೆ, ಭದ್ರೆ ಹುಟ್ಟುವುದೂ ಇಂಥ ಗುಡ್ಡದಲ್ಲೇ. ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ಜೀಪ್ ಓಡಿಸುವವರನ್ನು ಕಂಡರೆ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ.

ಒಣಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಮಂಗನ ಕಾಯಿಲೆ ಕೇಳಿದ್ದೀಯಲ್ಲ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿದ್ದು. ಉಣುಗು, ಅಂದರೆ ಉಣ್ಣೆಹುಳ ಕಚ್ಚುವುದರಿಂದ ಬರುತ್ತದೆ. ಬೇಸಿಗೆ ಮುಗಿಯುವವರೆಗೂ ಅದರ ಕಾಟ. ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿಕೋ. ತರಗೆಲೆ ಮೇಲೆ ಕೂರಬೇಡ. ವಾಪಸ್ ಬಂದ ಕೂಡಲೇ ಬಿಸಿನೀರ ಸ್ನಾನ, ಮೈಯೆಲ್ಲ ನೋಡಿಕೊಳ್ಳುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಜ್ವರ ಬರುವುದು ಕಚ್ಚಿ ಸುಮಾರು ಮೂರರಿಂದ ಎಂಟು ದಿನಕ್ಕೆ, ಅಷ್ಟರಲ್ಲಿ ನೀನು ಬೆಂಗಳೂರಿನಲ್ಲಿರುತ್ತೀಯ. ಡಾಕ್ಟರಿಗೆ ಕಾಡಿನಲ್ಲಿ ತಿರುಗಿದ್ದೆ ಅಂತ ನೀನಾಗಿ ಹೇಳಲೇಬೇಕು. ಅವರಿಗೆ ಹೊಳೆಯದೆ ಹೋಗಬಹುದು.

ಫೆಬ್ರುವರಿ ಬಂತೆಂದರೆ ಕಾಡ್ಗಿಚ್ಚಿನ ಭಯಕ್ಕೆ ಎಷ್ಟೋ ಬೆಟ್ಟದ ದಾರಿ ಮುಚ್ಚುತ್ತಾರೆ. ಆಗ ಕಾಫಿ ಹೂವಿಗೆ ಬರಬಹುದು. ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೂ ಬರುತ್ತದೆ. ಮೂರು-ನಾಲ್ಕು ದಿನ ಅಷ್ಟೇ, ಆಮೇಲೆ ಕಂದಿಹೋಗುತ್ತದೆ. ಮಳೆ ಬಿದ್ದ ದಿನವೇ ನಿನಗೆ ಫೋನ್ ಮಾಡುತ್ತೇನೆ, ಹೇಗೂ ಒಂದು ವಾರದ ಸಮಯ ಸಿಗುತ್ತದಲ್ಲ.

ಈಗ ಹೇಳು, ಜುಲೈ ಬಿಟ್ಟು ಜೂನ್ ಮೊದಲ ವಾರ ಆಗುತ್ತದಾ? ಆಗುವುದಿಲ್ಲ ಅಂದರೆ ಕುದುರೆಮುಖಕ್ಕೆ ನವೆಂಬರ್‌ನ ವಾರದ ಮಧ್ಯದ ದಿನವೊಂದನ್ನು ಹಿಡಿಯೋಣ. ಶನಿವಾರ, ಭಾನುವಾರದ ಟಿಕೆಟ್ ಬೇಗ ಮುಗಿದುಬಿಡುತ್ತದೆ. ಬುಕಿಂಗ್ ನಾನೇ ಮಾಡುತ್ತೇನೆ. ನಿನ್ನ ಗುರುತಿನ ಚೀಟಿಯ ಫೋಟೋ ಕಳಿಸು, ಹಳೇ ಬೂಟಿನ ಅಡಿ ಸವೆದಿದ್ದರೆ ಹೊಸದು ಕೊಂಡು ಈಗಿನಿಂದಲೇ ಹಾಕಿಕೊಂಡು ಓಡಾಡು.

ನಿನ್ನ ದಾರಿ ಕಾಯುವ,
ಗೆಳೆಯ