ಸಾಲಗಾರ ಜೈಲಿಗೆ, ಷೇರುದಾರ ಮನೆಗೆ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಗೆ ಬರೋ ಓದುಗರ ಪತ್ರಗಳಲ್ಲಿ ಆಗಾಗ ಒಂದೇ ಧಾಟಿಯ ಮಾತು ನೋಡ್ತಾ ಇರ್ತೀನಿ, ಬಡವ ಬಡವನಾಗಿರೋದಕ್ಕೆ ಅವನೇ ಕಾರಣ, ದುಡಿದಿದ್ದನ್ನ ಕುಡಿದು ಹಾಳು ಮಾಡ್ತಾನೆ, ಉಳಿತಾಯ ಗೊತ್ತಿಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚೋದು ಗೊತ್ತಿಲ್ಲ, ಶ್ರೀಮಂತರನ್ನ ಬೈಯೋ ಬದಲು ಅವರ ಹತ್ರ ಶಿಸ್ತು ಕಲೀಲಿ ಅಂತ. ಹಿಂಗೆ ಬರೆಯೋರೆಲ್ಲ ಕೆಟ್ಟವರು ಅಂತ ನಾನು ಹೇಳಲ್ಲ. ಎಷ್ಟೋ ಜನ ನಿಜಕ್ಕೂ ಕಷ್ಟಪಟ್ಟು ಮೇಲೆ ಬಂದೋರು, ತಾವು ಪಟ್ಟ ಪಾಡು ನೆನೆಸ್ಕೊಂಡು ಬರೀತಾರೆ. ವೈಯಕ್ತಿಕ ಜವಾಬ್ದಾರಿ ಅನ್ನೋದನ್ನ ನಾನೂ ಒಪ್ತೀನಿ, ಅರ್ಧಂಬರ್ಧ ಅಲ್ಲ, ಪೂರ್ತಿ. ನನ್ನ ತಕರಾರು ಇಷ್ಟೇ, ಆ ನಿಯಮಾನ ಮೇಲಿಂದ ಶುರು ಮಾಡಿ. ಯಾರ ಕೈಲಿ ದುಡ್ಡು ಜಾಸ್ತಿ, ಯಾರ ಒಂದು ಸಹಿಗೆ ಸಾವಿರಾರು ಜನರ ಬದುಕು ಆಚೀಚೆ ಆಗುತ್ತೋ ಅವರಿಂದ ಮೊದಲು ಲೆಕ್ಕ ಕೇಳಿ. ನಡೀತಾ ಇರೋದು ಪೂರಾ ಉಲ್ಟಾ.

ಈ ಉಲ್ಟಾ ಲೆಕ್ಕ ನಿನ್ನೆ ಮೊನ್ನೆದಲ್ಲ. ಇಂಗ್ಲೆಂಡಲ್ಲಿ 1855ಕ್ಕೆ ಮುಂಚೆ ನಾಲ್ಕು ಜನ ಸೇರಿ ಮಾಡಿದ ವ್ಯಾಪಾರ ಮುಳುಗಿದ್ರೆ ಸಾಮಾನ್ಯವಾಗಿ ಸಾಲ ಕೊಟ್ಟೋರು ಆ ನಾಲ್ಕೂ ಜನರ ಮನೆ, ಜಮೀನು, ಪಾತ್ರೆ ಪಗಡದ ತನಕ ಕೈ ಹಾಕಬಹುದಿತ್ತು. ಆ ವರ್ಷ ಲಿಮಿಟೆಡ್ ಲಯಬಿಲಿಟಿ ಕಾಯ್ದೆ ಬಂತು. ಕಂಪನಿ ಎಷ್ಟೇ ಸಾಲ ಉಳಿಸಿ ಮುಚ್ಕೊಂಡು ಹೋಗ್ಲಿ, ಷೇರು ತಗೊಂಡವನು ತಾನು ಹಾಕಿದ ದುಡ್ಡು ಕಳ್ಕೊಂಡ್ರೆ ಅಲ್ಲಿಗೆ ಮುಗೀತು, ಅವನ ಮನೆ ಬಾಗಿಲಿಗೆ ಯಾರೂ ಬರಂಗಿಲ್ಲ. ಸರಿ, ಆದ್ರೆ ಅದೇ ಹೊತ್ತಲ್ಲಿ ಅದೇ ದೇಶದಲ್ಲಿ ಸಾಲ ತೀರಿಸೋಕಾಗದ ಬಡಪಾಯಿಗಳನ್ನ ಹಿಡಿದು ಜೈಲಿಗೆ ಹಾಕ್ತಾ ಇದ್ರು! ಸಾಲಕ್ಕೆ ಜೈಲು ಅನ್ನೋದನ್ನ ಹೆಚ್ಚುಕಡಿಮೆ ತೆಗೆದಿದ್ದು 1869ರಲ್ಲಿ, ಅಂದ್ರೆ ಷೇರುದಾರನಿಗೆ ರಕ್ಷಣೆ ಸಿಕ್ಕಿ 14 ವರ್ಷ ಆದ್ಮೇಲೆ, ಅದೂ ಪೂರ್ತಿ ತೆಗೀಲಿಲ್ಲ, ಕೊಡೋ ಶಕ್ತಿ ಇದ್ದೂ ಕೊಡ್ತಿಲ್ಲ ಅಂತ ಕೋರ್ಟಿಗೆ ಅನಿಸಿದ್ರೆ ಆರು ವಾರದ ತನಕ ಒಳಗೆ ಹಾಕೋ ಅಧಿಕಾರ ಇಟ್ಕೊಂಡೇ ತೆಗೆದ್ರು. ಆಮೇಲೂ ವರ್ಷ ವರ್ಷ ಸಾವಿರಾರು ಜನ ಹಾಗೇ ಒಳಗೆ ಹೋದ್ರು, ಹೆಚ್ಚಿನೋರು ಕೂಲಿನಾಲಿ ಮಾಡೋರೇ.

ಇನ್ನೂ ಒಂದು ಕೇಸು ಇದೆ, ಕಾನೂನು ಓದೋರಿಗೆಲ್ಲ ಗೊತ್ತಿರೋದು. ಸಾಲೊಮನ್ ಅಂತ ಒಬ್ಬ ಬೂಟು ತಯಾರಿಸೋ ವ್ಯಾಪಾರಿ ತನ್ನ ಧಂದೆನ ತಾನೇ ಮಾಡಿದ ಕಂಪನಿಗೆ ಮಾರಿದ, ಷೇರೆಲ್ಲ ಅವನದ್ದೂ ಮನೆಯವರದ್ದೂ, ಮಾರಿದ ದುಡ್ಡಲ್ಲಿ ಒಂದು ಭಾಗ ಕಂಪನಿ ತನಗೆ ಕೊಡಬೇಕಾದ ಸಾಲ ಅಂತ ಬರೆಸ್ಕೊಂಡ. ಕಂಪನಿ ಮುಳುಗಿದಾಗ ಸಾಲ ಕೊಟ್ಟ ಬೇರೆಯವರ ಪರವಾಗಿ ಇದೆಲ್ಲ ನಾಟಕ, ಕಂಪನಿ ಅಂದ್ರೆ ಇವನೇ ಅಂತ ಕೋರ್ಟಲ್ಲಿ ವಾದ ಆಯ್ತು. 1897ರಲ್ಲಿ ಇಂಗ್ಲೆಂಡಿನ ಆಗಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು, ಇಲ್ಲ, ಕಂಪನಿನೇ ಬೇರೆ ವ್ಯಕ್ತಿ ಇವನೇ ಬೇರೆ ವ್ಯಕ್ತಿ, ಕಂಪನಿ ಸಾಲಕ್ಕೆ ಇವನು ಹೊಣೆ ಅಲ್ಲ. ಜಗತ್ತಿನ ಎಷ್ಟೋ ದೇಶಗಳ ಕಂಪನಿ ಕಾನೂನು ಇವತ್ತಿಗೂ ನಿಂತಿರೋದು ಈ ತೀರ್ಪಿನ ಮೇಲೆ.

ಈ ವ್ಯವಸ್ಥೆ ಬೇಡ ಅಂತ ನಾನು ಹೇಳ್ತಿಲ್ಲ, ತಪ್ಪು ತಿಳ್ಕೋಬೇಡಿ. ಇದು ಇಲ್ದಿದ್ರೆ ದೊಡ್ಡ ದೊಡ್ಡ ಕಾರ್ಖಾನೆಗೆಲ್ಲ ಯಾರೂ ದುಡ್ಡು ಹಾಕೋ ಧೈರ್ಯ ಮಾಡ್ತಿರಲಿಲ್ಲ. ಆದ್ರೆ ಇದು ಸಮಾಜ ಕೊಟ್ಟ ಉಡುಗೊರೆ ಅನ್ನೋದನ್ನಾದ್ರೂ ಒಪ್ಕೋಬೇಕಲ್ಲ? ಗೆದ್ರೆ ಲಾಭಕ್ಕೆ ಮಿತಿ ಇಲ್ಲ, ಸೋತ್ರೆ ನಷ್ಟಕ್ಕೆ ಮಿತಿ ಇದೆ, ಮಿತಿ ದಾಟಿದ ನಷ್ಟ ಸಾಲ ಕೊಟ್ಟೋನು, ಸಂಬಳ ಬಾಕಿ ಇರೋ ಕೆಲಸಗಾರ, ಸರಕು ಕೊಟ್ಟ ಸಣ್ಣ ವ್ಯಾಪಾರಿ ಇವರ ತಲೆ ಮೇಲೆ. ಇಂಥ ರಕ್ಷಣೆ ಒಳಗೆ ಕೂತ್ಕೊಂಡು ರಿಸ್ಕ್ ತಗೊಂಡಿದ್ದು ನಾನು, ಅದಕ್ಕೆ ಫಲ ಎಲ್ಲ ನನ್ನದೇ, ತೆರಿಗೆ ಯಾಕೆ ಕೊಡಲಿ ಅನ್ನೋದು ಯಾವ ನ್ಯಾಯ ಸ್ವಾಮಿ. ರಿಸ್ಕ್ ಅಂದ್ರೆ ದಿನಗೂಲಿಯವನದ್ದು, ಒಂದು ಸಲ ಕಾಲು ಮುರ್ಕೊಂಡ್ರೆ ಅವನ ಕಥೆ ಮುಗೀತು, ಅವನಿಗೆ ಯಾವ ಲಿಮಿಟೆಡ್ಡೂ ಇಲ್ಲ.

2008ರಲ್ಲಿ ಈ ಮಿತಿ ಕೂಡ ಸಾಲದು ಅಂತಾಯ್ತು. ಅಮೆರಿಕದಲ್ಲಿ ಮನೆ ಸಾಲಗಳನ್ನ ಕಟ್ಟು ಕಟ್ಟಿ ಮಾರಿದ ಬ್ಯಾಂಕುಗಳು ಮುಳುಗೋಕೆ ಶುರುವಾದಾಗ ಅಲ್ಲಿನ ಸಂಸತ್ತು 70,000 ಕೋಟಿ ಡಾಲರ್‌ವರೆಗೆ ಖರ್ಚು ಮಾಡೋಕೆ ಒಪ್ಪಿಗೆ ಕೊಡ್ತು. ಎಐಜಿ ಅನ್ನೋ ಒಂದೇ ಇನ್ಶೂರೆನ್ಸ್ ಕಂಪನಿಗೆ ಸರ್ಕಾರ, ಸೆಂಟ್ರಲ್ ಬ್ಯಾಂಕ್ ಎಲ್ಲ ಸೇರಿ ಸುಮಾರು 18,200 ಕೋಟಿ ಡಾಲರ್ ಆಸರೆ. ಮಾರನೇ ವರ್ಷ ಅದೇ ಕಂಪನಿ, ಅದನ್ನ ಮುಳುಗಿಸಿದ ವಿಭಾಗದವರಿಗೇ 16.5 ಕೋಟಿ ಡಾಲರ್ ಬೋನಸ್ ಹಂಚ್ತು, ಕೇಳಿದ್ರೆ ಒಪ್ಪಂದ ಆಗಿದೆ ಕೊಡಲೇಬೇಕು ಅಂದ್ರು (ಮನೆ ಕಳ್ಕೊಂಡ ಲಕ್ಷಾಂತರ ಜನರ ಹತ್ರನೂ ಒಪ್ಪಂದ ಇತ್ತು, ಅದನ್ನ ತೋರಿಸೇ ಅವರನ್ನ ಬೀದಿಗೆ ಹಾಕಿದ್ದು). ಆ ಕೊಟ್ಟ ದುಡ್ಡಲ್ಲಿ ಬಹುಪಾಲು ಆಮೇಲೆ ವಾಪಸ್ ಬಂತು ಅಂತ ಹೇಳೋರಿದ್ದಾರೆ, ನಿಜನೇ, ಆದ್ರೆ ಕಷ್ಟಕಾಲದಲ್ಲಿ ಟೈಮ್ ಕೊಟ್ಟು ಕಾಪಾಡಿದ್ರೆ ಮನೆ ಸಾಲದೋರಲ್ಲೂ ಎಷ್ಟೋ ಜನ ವಾಪಸ್ ಕಟ್ತಿದ್ರು. 2023ರಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದಾಗಲೂ ಅದೇ, ಕಾನೂನು ಪ್ರಕಾರ ಠೇವಣಿ ವಿಮೆ ಇದ್ದಿದ್ದು 2.5 ಲಕ್ಷ ಡಾಲರ್‌ವರೆಗೆ ಮಾತ್ರ, ಅಲ್ಲಿ ದುಡ್ಡಿಟ್ಟ ದೊಡ್ಡ ದೊಡ್ಡ ಟೆಕ್ ಕಂಪನಿಗಳಿಗೆ ಅದು ಚೆನ್ನಾಗಿ ಗೊತ್ತಿತ್ತು, ಆದ್ರೂ ಎರಡು ದಿನದೊಳಗೆ ಎಲ್ಲರಿಗೂ ಪೂರ್ತಿ ಕೊಡ್ತೀವಿ ಅಂತ ಸರ್ಕಾರ ಘೋಷಿಸ್ತು. ನೀನೇ ನೋಡ್ಕೊಂಡು ಇಡಬೇಕಿತ್ತು ಅಂತ ಆ ವಾರ ಸರ್ಕಾರ ಉಪದೇಶ ಮಾಡಲಿಲ್ಲ.

ಇದೆಲ್ಲಕ್ಕಿಂತ ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ಈ ಜವಾಬ್ದಾರಿ ಪಾಠ ಇದೆಯಲ್ಲ, ಎಷ್ಟೋ ಸಲ ಅದು ತಾನಾಗೇ ಹುಟ್ಟಿದ್ದಲ್ಲ, ದುಡ್ಡು ಕೊಟ್ಟು ಹುಟ್ಟಿಸಿದ್ದು. 1953ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯ ವಾಪಸ್ ತುಂಬೋಕೆ ಬಾರದ ಬಿಯರ್ ಬಾಟಲಿಗಳನ್ನ ನಿಷೇಧ ಮಾಡ್ತು. ಅದೇ ವರ್ಷ ಡಬ್ಬ, ಬಾಟಲಿ, ತಂಪು ಪಾನೀಯದ ಕಂಪನಿಗಳು ಸೇರಿ ಕೀಪ್ ಅಮೆರಿಕಾ ಬ್ಯೂಟಿಫುಲ್ ಅಂತ ಸಂಸ್ಥೆ ಕಟ್ಟಿದ್ವು, ಅದರ ಪ್ರಚಾರದ ಸಾರ ಇಷ್ಟೇ, ಕಸಕ್ಕೆ ಕಾರಣ ಕಸ ಬಿಸಾಡೋ ನೀನು. ಬಿಸಾಡೋ ಬಾಟಲಿ ಮಾಡಿದವರ ಸುದ್ದಿನೇ ಇಲ್ಲ. ಪೆಟ್ರೋಲಿಯಂ ಕಂಪನಿ ಬಿಪಿ 2004ರ ಹೊತ್ತಿಗೆ ಜನ ತಮ್ಮ ತಮ್ಮ ಕಾರ್ಬನ್ ಫುಟ್‌ಪ್ರಿಂಟ್, ಅಂದ್ರೆ ತಮ್ಮ ಬದುಕಿಂದ ಗಾಳಿಗೆ ಸೇರೋ ಇಂಗಾಲ ಎಷ್ಟು ಅಂತ, ಲೆಕ್ಕ ಹಾಕ್ಕೊಳ್ಳೋ ಕ್ಯಾಲ್ಕ್ಯುಲೇಟರ್ ಮಾಡಿ ಹಂಚಿತು. ಎಣ್ಣೆ ತೆಗೆದು ಮಾರೋನು ಕೊಳ್ಳೋನಿಗೆ ಲೆಕ್ಕ ಒಪ್ಪಿಸು ಅಂತಾನೆ! ಹೇಳೋದು ಶಾಸ್ತ್ರ ಹಾಕೋದು ಗಾಳ ಅಂತಾರಲ್ಲ, ಅದೇ.

ಅಮೆರಿಕದ ಸ್ಯಾಕ್ಲರ್ ಕುಟುಂಬದ ಕಥೆ ಇನ್ನೂ ಘೋರ. ಅವರ ಕಂಪನಿ ಪರ್ಡ್ಯೂ ಫಾರ್ಮಾ 1996ರಲ್ಲಿ ಆಕ್ಸಿಕಾಂಟಿನ್ ಅನ್ನೋ ನೋವಿನ ಮಾತ್ರೆ ಮಾರುಕಟ್ಟೆಗೆ ತಂತು, ಇದಕ್ಕೆ ಚಟ ಹತ್ತೋ ಸಾಧ್ಯತೆ ಕಮ್ಮಿ ಅಂತ ಡಾಕ್ಟರುಗಳನ್ನ ನಂಬಿಸ್ತು. ಜನ ಚಟಕ್ಕೆ ಬಿದ್ದು ಸಾಯೋಕೆ ಶುರುವಾದಾಗ 2001ರಲ್ಲಿ ಆಗ ಕಂಪನಿ ಅಧ್ಯಕ್ಷನಾಗಿದ್ದ ರಿಚರ್ಡ್ ಸ್ಯಾಕ್ಲರ್ ಬರೆದ ಇಮೇಲ್ ಆಮೇಲೆ ಕೋರ್ಟ್ ದಾಖಲೆಯಲ್ಲಿ ಹೊರಗೆ ಬಂತು, ಚಟಕ್ಕೆ ಬಿದ್ದೋರ ಮೇಲೇ ಏಟು ಹಾಕಬೇಕು, ತಪ್ಪಿತಸ್ಥರು ಅವರೇ, ಬೇಜವಾಬ್ದಾರಿ ಅಪರಾಧಿಗಳು ಅವರು ಅನ್ನೋ ಅರ್ಥದ ಮಾತು ಅದರಲ್ಲಿದೆ. 2007ರಲ್ಲಿ ಇದೇ ಮಾತ್ರೆ ಬಗ್ಗೆ ದಾರಿ ತಪ್ಪಿಸಿದ್ದಕ್ಕೆ ಕಂಪನಿ ಕಡೆಯವರು ತಪ್ಪೊಪ್ಕೊಂಡು ಸುಮಾರು 60 ಕೋಟಿ ಡಾಲರ್ ಕಟ್ಟಿದ್ರು, ಜೈಲಿಗೆ ಯಾರೂ ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಕುಟುಂಬ ಕಂಪನಿಯಿಂದ ಸುಮಾರು 1,100 ಕೋಟಿ ಡಾಲರ್ ಹೊರಗೆ ತಗೊಳ್ತು, 2019ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು, ಕುಟುಂಬ ಮಾತ್ರ ತಾನು ದಿವಾಳಿ ಆಗದೇನೇ ಇಷ್ಟು ದುಡ್ಡು ಕೊಡ್ತೀವಿ ಮುಂದೆ ನಮ್ಮ ಮೇಲೆ ಯಾರೂ ಕೇಸ್ ಹಾಕಂಗಿಲ್ಲ ಅಂತ ರಕ್ಷಣೆ ಕೇಳ್ತು. 2024ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದು ಆಗಲ್ಲ ಅಂತು, ಆದ್ರೆ ಒಂಬತ್ತು ಜನ ನ್ಯಾಯಮೂರ್ತಿಗಳಲ್ಲಿ ನಾಲ್ವರು ಅದಕ್ಕೆ ಒಪ್ಪಲಿಲ್ಲ. ಒಂದು ಮಾತ್ರೆ ಜಾಸ್ತಿ ನುಂಗಿದವನು ತನ್ನ ಜವಾಬ್ದಾರಿ ತಾನು ಹೊರಬೇಕು, ಕೋಟಿಗಟ್ಟಲೆ ಮಾತ್ರೆ ಮಾರಿದವನು ಹೊರಬಾರದು. ಇದನ್ನ ಶಿಸ್ತು ಅಂತ ಕಲೀಬೇಕಾ ನಾವು?

ಬಡವರಿಗೆ ದುಡ್ಡು ಕೊಟ್ರೆ ಕುಡೀತಾರೆ ಅನ್ನೋ ಮಾತು ಬಂದೇ ಬರುತ್ತೆ. ನೇರ ನಗದು ಕೊಟ್ಟ ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನ ವಿಶ್ವಬ್ಯಾಂಕಿನ ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದ್ರು, ಕುಡಿತ ತಂಬಾಕಿಗೆ ಖರ್ಚು ಒಟ್ಟಾರೆ ಜಾಸ್ತಿ ಆಗಿರಲಿಲ್ಲ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕೊಯ್ಲಿಗೆ ಮುಂಚೆ ಕೈ ಬರಿದಾಗಿದ್ದಾಗ ಒಂದು ಸಲ, ಕೊಯ್ಲಾಗಿ ದುಡ್ಡು ಬಂದಾಗ ಒಂದು ಸಲ ಬುದ್ಧಿ ಪರೀಕ್ಷೆ ಮಾಡಿದ್ರು, ಅದೇ ಮನುಷ್ಯ ದುಡ್ಡು ಇದ್ದಾಗ ಹೆಚ್ಚು ಸರಿ ಉತ್ತರ ಕೊಟ್ಟ. ಸಾಲದ ಚಿಂತೆ ತಲೇಲಿ ಓಡ್ತಿದ್ರೆ ಮುಂದಾಲೋಚನೆಗೆ ಜಾಗ ಎಲ್ಲಿರುತ್ತೆ ಹೇಳಿ. ಶ್ರೀಮಂತನೂ ಹುಡುಗಾಟ ಆಡ್ತಾನೆ, ಓದಲ್ಲ, ಕುಡಿದು ಗಾಡಿ ಗುದ್ದಿಸ್ತಾನೆ, ಅವನಿಗೆ ಎರಡನೇ ಸಲ ಮೂರನೇ ಸಲ ಅಂತ ಅವಕಾಶ ಸಿಗ್ತಾನೇ ಇರುತ್ತೆ, ಬಡವನಿಗೆ ಮೊದಲನೇದೇ ಕೊನೇದು.

ಹಾಗಾದ್ರೆ ನಿಯಮ ಬದಲಾಯಿಸಿ, ವೋಟು ಇದೆಯಲ್ಲ ಅಂತೀರಿ. ಅಲ್ಲೇ ಇರೋದು ಸಮಸ್ಯೆ. 2010ರಲ್ಲಿ ಸಿಟಿಜನ್ಸ್ ಯುನೈಟೆಡ್ ತೀರ್ಪಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಂಪನಿಗಳು ಚುನಾವಣೆಯಲ್ಲಿ ಸ್ವತಂತ್ರವಾಗಿ ಎಷ್ಟು ಬೇಕಾದ್ರೂ ಖರ್ಚು ಮಾಡಬಹುದು, ಅದು ವಾಕ್ ಸ್ವಾತಂತ್ರ್ಯ ಅಂತು. ನೋಡಿ, ಸಾಲ ತೀರಿಸೋಕೆ ಬಂದಾಗ ಕಂಪನಿ ಬೇರೆ ಮಾಲೀಕ ಬೇರೆ, ಮಾತಾಡೋಕೆ ಬಂದಾಗ ಕಂಪನಿಗೂ ಮನುಷ್ಯನ ಹಕ್ಕು. ನಮ್ಮಲ್ಲಿ ಚುನಾವಣಾ ಬಾಂಡ್ ಬಂತು, ಯಾರು ಯಾರಿಗೆ ಕೊಟ್ರು ಅಂತ ವೋಟು ಹಾಕೋನಿಗೇ ಗೊತ್ತಾಗದಂಗೆ, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡೋ ಹೊತ್ತಿಗೆ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಬಾಂಡು ಮಾರಾಟ ಆಗಿತ್ತು. ಮಾರ್ಟಿನ್ ಗಿಲೆನ್ಸ್, ಬೆಂಜಮಿನ್ ಪೇಜ್ ಅಂತ ಇಬ್ಬರು ಪ್ರೊಫೆಸರ್‌ಗಳು ಅಮೆರಿಕದ 1,779 ನೀತಿ ಪ್ರಶ್ನೆಗಳನ್ನ ಜನಾಭಿಪ್ರಾಯದ ಜೊತೆ ಹೋಲಿಸಿ 2014ರಲ್ಲಿ ಬರೆದಿದ್ದು, ಶ್ರೀಮಂತರು ಸಂಘಟಿತ ಗುಂಪುಗಳು ಬೇಡ ಅಂದಿದ್ದು ಆಗೋದು ಕಷ್ಟ, ಸಾಮಾನ್ಯರು ಬೇಕು ಅಂದ್ರೂ ಬೇಡ ಅಂದ್ರೂ ಅಂಥ ವ್ಯತ್ಯಾಸ ಆಗಲ್ಲ ಅಂತ. ಬಹಳ ವಿಷಯದಲ್ಲಿ ಶ್ರೀಮಂತರ ಅಭಿಪ್ರಾಯನೂ ಸಾಮಾನ್ಯರ ಅಭಿಪ್ರಾಯನೂ ಒಂದೇ ಇರುತ್ತೆ ಅಂತ ಬೇರೆ ಸಂಶೋಧಕರು ತಕರಾರು ತೆಗೆದಿದ್ದಾರೆ, ಇರಲಿ, ಬೇರೆ ಬೇರೆ ಇದ್ದಾಗ ಯಾರ ಮಾತು ನಡೆಯುತ್ತೆ ಅನ್ನೋದಕ್ಕೆ ನನಗೆ ದೊಡ್ಡ ಅನುಮಾನ ಏನಿಲ್ಲ.

ಇದಕ್ಕೆ ದಾರಿ ಇಲ್ಲ ಅಂತೇನಿಲ್ಲ. ಫಿನ್‌ಲೆಂಡಲ್ಲಿ 1921ರಿಂದಲೂ ಎಷ್ಟೋ ತಪ್ಪುಗಳಿಗೆ ದಂಡವನ್ನ ಆದಾಯ ನೋಡಿ ಹಾಕ್ತಾರೆ. ನೋಕಿಯಾ ಕಂಪನಿಯ ಒಬ್ಬ ದೊಡ್ಡ ಅಧಿಕಾರಿ 50 ಕಿಲೋಮೀಟರ್ ಮಿತಿ ಇದ್ದ ಕಡೆ 75ರಲ್ಲಿ ಬೈಕ್ ಓಡಿಸಿದ್ದಕ್ಕೆ 2002ರಲ್ಲಿ ಬಿದ್ದ ದಂಡ 1,16,000 ಯೂರೋ. ಆಮೇಲೆ ನನ್ನ ಆದಾಯ ಇಳಿದಿದೆ ಅಂತ ಕೋರ್ಟಿಗೆ ಹೋಗಿ ಬಹಳಷ್ಟು ಕಮ್ಮಿ ಮಾಡಿಸ್ಕೊಂಡ, ಅದು ಬೇರೆ ಮಾತು, ಆದ್ರೆ ಆ ನಿಯಮ ಎಲ್ಲರಿಗೂ ಒಂದೇ, ಆದಾಯ ಇಳಿದ್ರೆ ಬಡವನಿಗೂ ಇಳಿಯುತ್ತೆ. ಎಲ್ಲರಿಗೂ ಒಂದೇ ಮೊತ್ತ ಹಾಕಿದ್ರೆ ಒಬ್ಬನಿಗೆ ಅದು ತಿಂಗಳ ದುಡಿಮೆ, ಇನ್ನೊಬ್ಬನಿಗೆ ಪಾರ್ಕಿಂಗ್ ಫೀಸು. ಇದೇ ಲೆಕ್ಕನ ಕಂಪನಿ ನಡೆಸೋರಿಗೂ ಯಾಕೆ ಹಾಕಬಾರದು, ತಪ್ಪು ನಡೆದಾಗ ದಂಡನ ಕಂಪನಿ ಖಾತೆಯಿಂದ ಕಟ್ಟಿ ಷೇರುದಾರರ ತಲೆಗೆ ಕಟ್ಟೋ ಬದಲು ನಿರ್ಧಾರ ತಗೊಂಡವರ ಬೋನಸ್ ವಾಪಸ್ ಕಿತ್ಕೊಳ್ಳಿ, ಕಂಪನಿ ಮುಳುಗಿದ್ರೆ ಹಿಂದಿನ ಐದಾರು ವರ್ಷದಲ್ಲಿ ಮಾಲೀಕರು ಹೊರಗೆ ತೆಗೆದಿದ್ದನ್ನ ಮೊದಲು ಕೆಲಸಗಾರರ ಬಾಕಿಗೆ ಹಾಕಿ. ಇದು ಕಮ್ಯುನಿಸಂ ಅಂತ ಕೂಗೋರು ಕೂಗ್ಲಿ, ನನ್ನ ಪ್ರಕಾರ ಇದೇ ವೈಯಕ್ತಿಕ ಜವಾಬ್ದಾರಿ.

ದಾನ ಧರ್ಮ ಮಾಡ್ತಾರಲ್ಲ ಅನ್ನೋರಿಗೆ ಒಂದೇ ಮಾತು, ಮಾಡ್ಲಿ, ಒಳ್ಳೇದು, ತೆರಿಗೆ ಕಟ್ಟಿ ಆದ್ಮೇಲೆ ಮಾಡ್ಲಿ.

ಕೊನೇದಾಗಿ ನಿಮಗೇ ಒಂದು ಮನವಿ. ಅಮೆಜಾನ್ ಕಂಪನಿ ಕಟ್ಟಿದ ಜೆಫ್ ಬೆಜೋಸ್ 2013ರಲ್ಲಿ ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಕೊಂಡ್ಕೊಂಡ, 2024ರ ಅಧ್ಯಕ್ಷರ ಚುನಾವಣೆಗೆ ಮುಂಚೆ ಸಂಪಾದಕೀಯದೋರು ಬರೆದಿಟ್ಟಿದ್ದ ಅಭ್ಯರ್ಥಿ ಬೆಂಬಲದ ಲೇಖನ ಹೊರಗೆ ಬರಲೇ ಇಲ್ಲ, ಎರಡು ಲಕ್ಷಕ್ಕೂ ಹೆಚ್ಚು ಜನ ಚಂದಾ ನಿಲ್ಲಿಸಿದ್ರು. 2025ರಲ್ಲಿ ಅಭಿಪ್ರಾಯ ಪುಟ ಇನ್ಮೇಲೆ ವೈಯಕ್ತಿಕ ಸ್ವಾತಂತ್ರ್ಯ ಮತ್ತು ಮುಕ್ತ ಮಾರುಕಟ್ಟೆ ಪರ ಬರೆಯುತ್ತೆ, ವಿರೋಧ ಇದ್ದೋರು ಬೇರೆ ಕಡೆ ಬರ್ಕೊಳ್ಳಲಿ ಅಂತ ಮಾಲೀಕನೇ ಘೋಷಿಸಿದ. ನಿಮ್ಮ ಪತ್ರಿಕೆ ಹಂಗಾಗಿದೆ ಅಂತ ನಾನು ಹೇಳ್ತಿಲ್ಲ, ಆಗಿದ್ರೆ ಈ ಪತ್ರ ಬರೆಯೋ ಕಷ್ಟ ತಗೋತಿರಲಿಲ್ಲ. ಆದ್ರೆ ಉದ್ಯಮಿಗಳ ಸಂದರ್ಶನ ಹಾಕಿ ಅವರ ಪರಿಶ್ರಮದ ಗುಟ್ಟು ಕೇಳ್ತೀರಲ್ಲ, ಮುಂದಿನ ಸಲ ಜೊತೆಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ, ಅಪ್ಪನಿಂದ ಬಂದಿದ್ದೆಷ್ಟು, ಸರ್ಕಾರ ರಿಯಾಯಿತಿಯಲ್ಲಿ ಕೊಟ್ಟ ಜಮೀನೆಷ್ಟು, ಬ್ಯಾಂಕು ಬಿಟ್ಟುಕೊಟ್ಟ ಸಾಲ ಎಷ್ಟು, ಯಾವ ಪಕ್ಷಕ್ಕೆ ಕೊಟ್ಟಿದ್ದೆಷ್ಟು. ಉತ್ತರ ಕೊಡದಿದ್ರೆ ಕೊಡಲಿಲ್ಲ ಅಂತಾನೇ ಅಚ್ಚು ಹಾಕಿ, ಫೋಟೋ ಪಕ್ಕದಲ್ಲೇ.

ಇತಿ,
ನಿಮ್ಮ ಹಳೇ ಓದುಗ