ತಿಂಡಿಪಟ್ಟಿ ಬದಲಾದರೆ ಸಾಲದು

ಮಾನ್ಯ ಸಂಪಾದಕರೇ,

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದ ಬಳಿಕ ಬೆಂಗಳೂರಿನ ದರ್ಶಿನಿಗಳಲ್ಲಿ ರಾಗಿ ದೋಸೆ, ನವಣೆ ಇಡ್ಲಿಗಳು ಹೆಚ್ಚಾಗಿ ಕಾಣುತ್ತಿರುವುದು ಸಂತೋಷದ ಸಂಗತಿ. ಆದರೆ ನಮ್ಮ ಬಡಾವಣೆಯ ಹೋಟೆಲೊಂದರಲ್ಲಿ ಬೆಳಿಗ್ಗೆ ಎಂಟೂವರೆಗೇ ‘ರಾಗಿ ದೋಸೆ ಇಲ್ಲ’ ಎನ್ನುತ್ತಾರೆ. ಮಸಾಲೆ ದೋಸೆಗೆಂದು ಕಾಯಿಸಿದ ಕಾವಲಿಯ ಮೇಲೆಯೇ ರಾಗಿ ಹಿಟ್ಟನ್ನೂ ಹುಯ್ಯಬೇಕಾಗಿ, ಅಂಚು ಸೀದು ನಡು ಹಸಿಯಾಗಿಯೇ ಉಳಿಯುವುದನ್ನೂ, ಭಟ್ಟರು ಮತ್ತೆ ಮತ್ತೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ ಕಾವು ಇಳಿಸಲು ಹೆಣಗುವುದನ್ನೂ ನಾನೇ ಕಂಡಿದ್ದೇನೆ. ತಪ್ಪು ಖಂಡಿತ ಅವರದಲ್ಲ. ಕಾವನ್ನು ಭಾಗಭಾಗವಾಗಿ ನಿಯಂತ್ರಿಸಬಹುದಾದ ಕಾವಲಿ ಮತ್ತು ಸಿರಿಧಾನ್ಯಕ್ಕೆಂದೇ ಮೀಸಲಾದ ಸಣ್ಣ ಗ್ರೈಂಡರ್ ಇದ್ದರೆ, ನಿಂತು ತಿನ್ನುವ ಗಿರಾಕಿಯನ್ನು ಕಾಯಿಸದೆ ಎರಡೂ ದೋಸೆಗಳನ್ನು ಒಟ್ಟಿಗೆ ಕೊಡಬಹುದು. ಇವುಗಳ ಖರೀದಿಗೆ ಸಣ್ಣ ಹೋಟೆಲುಗಳಿಗೆ ಕಡಿಮೆ ಬಡ್ಡಿಯ ಸಾಲ ದೊರಕಿಸುವತ್ತ ಸರ್ಕಾರ ಗಮನ ಹರಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಬೆಂಗಳೂರು